ಕಲೆಯಿದ್ದರೆ ವಾಪಸಿಲ್ಲ

ತಟ್ಟೆ ತೊಳೆದು, ಬಾಗಿಲ ಅಗುಳಿ ಹಾಕಿ
ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಆನಿಸಿ ಕೂತಿದ್ದೇನೆ
ಹಾಸಿಗೆ ನೋಡುವುದಕ್ಕೆ.
ತಿಪಟೂರಿನ ಡಾಕ್ಟರು ಚೀಟಿಯಲ್ಲಿ ಗುಳಿಗೆಯ ಕೆಳಗೇ
ಅದನ್ನೂ ಬರೆದಿದ್ದಾರೆ: ಹಾಸಿಗೆ ಬದಲಿಸಿ.
ಇವರದು ಸೊಂಟ. ಇಪ್ಪತ್ತೆರಡು ವರ್ಷ ಟ್ರ್ಯಾಕ್ಟರಿನ ಸೀಟು,
ಹಿಂದೆ ಗುಡ್ಡದಷ್ಟು ಕಾಯಿಮಟ್ಟೆ.

ಮೊದಲು ಬಂದದ್ದು ನಾರಿನದು.
ನಗು ಬಂತು. ದಿನಕ್ಕೆ ಎಂಟು ಗಂಟೆ
ಅದರ ಧೂಳನ್ನೇ ಕೆಮ್ಮುವವಳು ನಾನು.
ನಾವು ಬೇಲು ಕಟ್ಟಿ ಲಾರಿಗೆ ಹೇರಿದ್ದು
ಎಲ್ಲೋ ಹೋಗಿ, ರಬ್ಬರಿನ ಹಾಲು ಕುಡಿದು, ಹೂವಿನ ಬಟ್ಟೆ ಉಟ್ಟು
ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತಾಗಿ
ತವರಿಗೆ ಬರ್ತೀನಿ ಅನ್ನುತ್ತಿದೆ.
ನಿನ್ನ ನಾನು ಕಾಣೆನೇನೇ!
ಬೆನ್ನಿಗೆ ಗಟ್ಟಿ ಆಸರೆಯಂತೆ. ಇದ್ದೀತು.
ಐದು ವರ್ಷಕ್ಕೆ ನಡುವೆ ಕುಸಿಯುತ್ತದಂತೆ. ಅದೂ ಇದ್ದೀತು.

ಆಮೇಲೆ ಮೆಮೊರಿ ಫೋಮು.
ಅಂಗೈ ಒತ್ತಿದರೆ ಗುಳಿ ಬಿದ್ದು
ನಾಲ್ಕೆಣಿಸುವುದರಲ್ಲಿ ಮಾಸುತ್ತದೆ.
ಇಷ್ಟಕ್ಕೇ ನೆನಪು ಅಂತ ಹೆಸರೆ?
ನಮ್ಮ ಹತ್ತಿ ಹಾಸಿಗೆ ಬಂದು ನೋಡಲಿ:
ಇವರ ಕಡೆ ಒಂದು ಕೆರೆ, ನನ್ನ ಕಡೆ ಒಂದು ಕಟ್ಟೆ,
ನಡುವೆ ಏರಿ.
ಮಗಳು ಆರು ವರ್ಷ ಆ ಏರಿಯ ಮೇಲೆ ಮಲಗಿದ್ದಳು.

ಲೇಟೆಕ್ಸಿನ ಬೆಲೆಗೆ ಒಂದು ಪಡ್ಡೆ ಕರು ಬರುತ್ತದೆ.
ಸ್ಪ್ರಿಂಗಿನದು ಕುಣಿಗಲ್ಲಿನ ಓರಗಿತ್ತಿ ಗಿರಿಜಾಂಬ ತರಿಸಿದ್ದಳು.
ಫೋನು ಮಾಡಿದರೆ,
'ತಗೋ, ಆದ್ರೆ ಮೇಲಿನ ಪ್ಲಾಸ್ಟಿಕ್ ಹರೀಬೇಡ, ಹರಿದ್ರೆ ವಾಪಸ್ ತಗಳಲ್ಲ.'
ಹರೀದೆ ಮಲಗೋದು ಹೆಂಗೆ?
'ಅಲ್ಲೇ ಕಣೆ ಅವರು ನಮ್ಮನ್ನ ಹಿಡಿಯೋದು.'

ನೂರು ರಾತ್ರಿ ಮಲಗಿ ನೋಡಿ, ಹಿಡಿಸದಿದ್ದರೆ ಬದಲಿಸಿ.
ನನ್ನನ್ನು ನೋಡಲು ಬಂದವರು
ಉಪ್ಪಿಟ್ಟು ಮುಗಿಯುವವರೆಗೆ ಕೂತಿದ್ದರು ಅಷ್ಟೆ.
ಕೆಳಗೆ ಇರುವೆಸಾಲಿನಂಥ ಅಕ್ಷರ:
ಮೊದಲ ಮೂವತ್ತು ರಾತ್ರಿ ದೂರುವಂತಿಲ್ಲ, ಮೈ ಒಗ್ಗಬೇಕು.
(ಅತ್ತೆಯೂ ಇದನ್ನೇ ಹೇಳಿದ್ದರು.)
ಬದಲಾವಣೆ ಒಂದೇ ಸಲ. ಸಾಗಣೆ ಖರ್ಚು ಕೊಂಡವರದು.
ಕಲೆಯಿದ್ದರೆ ವಾಪಸಿಲ್ಲ.

ಎದ್ದು ಹೋಗಿ ನನ್ನ ಕಡೆಯ ಹೊದಿಕೆ ಸರಿಸಿದೆ.
ಇವರು ಗೋಡೆಗೆ ಮುಖ ಮಾಡಿದ್ದರು.
ಇದು ಮಗಳ ಉಚ್ಚೆ, ಭೂಪಟದ ಹಾಗೆ.
ಇದು ಬಾಣಂತನದ ಹರಳೆಣ್ಣೆ.
ಇದು ಕಾಮಾಲೆಯ ವರ್ಷ ಕುಡಿಸಿದ ಸೊಪ್ಪಿನ ರಸ.
ಈ ಕಂದು ಬಣ್ಣದ್ದು ಎರಡನೆಯದು,
ಮೂರು ತಿಂಗಳಿಗೇ ಹೋದದ್ದು.
ಅದನ್ನು ಉಜ್ಜಲಿಲ್ಲ.
ಹಾಸಿಗೆ ಮಗುಚಿ ಹಾಕಿದೆವು,
ಎಷ್ಟೋ ವರ್ಷದ ಮೇಲೆ ಮತ್ತೆ ಮಗುಚಿದೆವು.

ಕೊನೆಗೊಂದು ವಿಡಿಯೋ.
ಹಾಸಿಗೆಯ ಒಂದು ಬದಿ ತುಂಬಿದ ಲೋಟ,
ಇನ್ನೊಂದು ಬದಿ ಹುಡುಗನೊಬ್ಬ ಕುಣಿಯುತ್ತಾನೆ.
ನೀರು ತುಳುಕುವುದಿಲ್ಲ.
ಸಂಗಾತಿ ಹೊರಳಿದರೂ ನಿಮಗೆ ತಿಳಿಯದು.

ಅಲ್ಲೇ ಬೆರಳು ನಿಂತಿತು.
ಇವರು ಮಾತಿನವರಲ್ಲ.
ಸೊಂಟ ಅಂತ ಬಾಯಿಬಿಟ್ಟು ಅಂದವರಲ್ಲ, ಹಾಸಿಗೆ ಅಂದಿತು:
ಮೂರು ಗಂಟೆಗೆ ಹತ್ತಿ ಒಮ್ಮೆ ನಡುಗುತ್ತದೆ,
ಕಣ್ಣು ಬಿಡದೆ ನಾನು ಕೈ ಚಾಚುತ್ತೇನೆ.
ಮೈದುನ ತೀರಿದ ವಾರವೂ ಹೀಗೆಯೇ,
ಟ್ರ್ಯಾಕ್ಟರಿನ ಕಂತು ತಪ್ಪಿದಾಗಲೂ.

ಫಾರಂ ಹೆಸರು ಕೇಳಿತು. ಓಂಕಾರಯ್ಯ ಎಂದು ಒತ್ತಿದೆ,
ಬಾಯಲ್ಲಿ ಆಡದ ಹೆಸರು, ಬೆರಳಿಗೆ ಬಂತು.
ಗುರುತು: ನಾರಿನ ಫ್ಯಾಕ್ಟರಿ ಹಿಂದೆ, ಒಡೆದ ತೊಟ್ಟಿ ಎದುರು.
ಹಳೆಯದನ್ನು ಕೊಡುತ್ತೀರಾ, ಸಾವಿರದೈನೂರು ಕಡಿತ?
ಇಲ್ಲ ಎಂಬಲ್ಲಿ ಒತ್ತಿದೆ.
ಇಷ್ಟಾದ ಮೇಲೆ ಕೆಂಪಕ್ಷರ:
ನಿಮ್ಮ ಪಿನ್‌ಕೋಡಿಗೆ ಬದಲಾವಣೆಯ ಸೌಲಭ್ಯವಿಲ್ಲ.

ಒಳಗೆ ಮಂಚ ಕಿರ್ ಎಂದಿತು.
'ಇನ್ನೂ ಮಲಗಲಿಲ್ವಾ?'
ನಿದ್ದೆಗಣ್ಣಲ್ಲಿ ನಿಮಗೆ ಹೆಂಗೆ ಗೊತ್ತಾಯ್ತು?
'ಆ ಕಡೆ ಹಗುರ ಐತಲ್ಲ.'